ಪೆಟ್ಟಿಗೆ ಓರೆಯಾಗಬಾರದು

ಅಣ್ಣಾ ನಗರ್, ಚೆನ್ನೈ
ಸೋಮವಾರ, ಫೆಬ್ರವರಿ 3, 2025

ಪ್ರೀತಿಯ ಸುಜಯಿ,

ಅಣ್ಣ ತಮ್ಮನಿಗೆ ಬರೆಯುವಾಗ ಆಶೀರ್ವಾದದಿಂದ ಶುರು ಮಾಡಬೇಕು. ಏಳು ವರ್ಷ ಒಂದು ಸಾಲೂ ಬರೆಯದವನ ಆಶೀರ್ವಾದವನ್ನು ನೀನು ಎಲ್ಲಿಟ್ಟುಕೊಳ್ಳುತ್ತೀಯೋ ತಿಳಿಯದೆ ಅದನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಹೇಗಿದ್ದೀಯೆ? ಮುಳಬಾಗಿಲಿನ ಒಣಗಾಳಿಗೆ ನಿನ್ನ ಉಬ್ಬಸ ಹಿಡಿತಕ್ಕೆ ಬಂದಿದೆ, ಕಾಲೇಜಿನಲ್ಲಿ ಈಗ ನೀನೇ ಕೆಮಿಸ್ಟ್ರಿ ವಿಭಾಗದ ಮುಖ್ಯಸ್ಥ, ಸುಮೇಧಾಳ ಸಂಗೀತ ಪಾಠಕ್ಕೆ ಮಕ್ಕಳು ಜಗುಲಿಯ ತನಕ ಕೂರುತ್ತಾರೆ ಎಂದೆಲ್ಲ ಅತ್ತೆಯ ಮಗ ಸತ್ಯಾತ್ಮ ಹೇಳುತ್ತಿರುತ್ತಾನೆ. ನಾನು ಪೇಪರು ಓದುವವನ ಹಾಗೆ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತೇನೆ. ಅವನಿಗೂ ಅದು ಗೊತ್ತು. ಆದ್ದರಿಂದಲೇ ಸ್ವಲ್ಪ ಜೋರಾಗಿ ಹೇಳುತ್ತಾನೆ. ಅಮ್ಮ ಚೆನ್ನಾಗಿದ್ದಾಳೆ. ಎಂಬತ್ತೊಂದಕ್ಕೆ ಮಂಡಿ ನೋವು ಇರಲೇಬೇಕಲ್ಲ, ಇದೆ. ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ನನ್ನನ್ನು ನೋಡಿ, "ನಿನ್ನ ಮುಖ ಇಷ್ಟು ಬಾಡಿದೆ ಅಂತ ಗೊತ್ತಿರ್ಲಿಲ್ಲ ಕಣೋ" ಎಂದಳು. ಇದನ್ನೆಲ್ಲ ಅವಳೇ ಫೋನಿನಲ್ಲಿ ನಿನಗೆ ಹೇಳಿರುತ್ತಾಳೆ. ನಿನ್ನೊಡನೆ ಮಾತಾಡುವಾಗ ಅವಳು ಬಾಲ್ಕನಿಯ ಬಾಗಿಲು ಎಳೆದುಕೊಳ್ಳುತ್ತಾಳೆ.

ಸುದ್ದಿಯೆಂದರೆ ನಾನೊಂದು ಕಾರು ಕೊಳ್ಳುತ್ತಿದ್ದೇನೆ. ಕರೆಂಟಿನಲ್ಲಿ ಓಡುವ ಸ್ಪೋರ್ಟ್ಸ್ ಕಾರು. ನಿಂತಲ್ಲಿಂದ ನೂರರ ವೇಗಕ್ಕೆ ನಾಲ್ಕು ಸೆಕೆಂಡು ಸಾಕಂತೆ. ಆ ನಾಲ್ಕು ಸೆಕೆಂಡುಗಳನ್ನು ಅಣ್ಣಾ ನಗರದ ಯಾವ ಸಿಗ್ನಲ್ಲಿನಿಂದ ಯಾವ ಸಿಗ್ನಲ್ಲಿಗೆ ಬಳಸುವುದು ಎಂದು ನನ್ನನ್ನು ಕೇಳಬೇಡ. ಮಾನ್ಯಾ, ನೀನು ಕಂಡಾಗ ಎರಡು ಜಡೆ ಹಾಕಿಕೊಳ್ಳುತ್ತಿದ್ದವಳು, ಈಗ ಕಾಲೇಜಿನ ಕೊನೆಯ ವರ್ಷದಲ್ಲಿರುವವಳು, "ಅಪ್ಪಾ, ಇದು ಮಿಡ್‌ಲೈಫ್ ಕ್ರೈಸಿಸ್ ದಾನೇ?" ಎಂದಳು, ನಡುವಯಸ್ಸಿನ ಹುಚ್ಚು ತಾನೇ ಎಂದು. ಅವಳ ಅಮ್ಮ ತುಂಗಾ ಬಣ್ಣ ಬಿಳಿಯಾಗಿರಲಿ ಎಂದಷ್ಟೇ ಹೇಳಿ ತನ್ನ ಪಾಲಿನ ಜವಾಬ್ದಾರಿ ಮುಗಿಸಿದಳು. ನನ್ನ ತೊಡಕು ಬೇರೆ. ಈ ಕಾರು ಎರಡು ರೂಪದಲ್ಲಿ ಬರುತ್ತದೆ. ಒಂದು ಸೆಡಾನ್, ಇನ್ನೊಂದು ವ್ಯಾಗನ್. ಮುಂದಿನಿಂದ ನೋಡಿದರೆ ಎರಡೂ ಒಂದೇ. ಅದೇ ಮೋಟಾರು, ಅದೇ ಬ್ಯಾಟರಿ, ಅದೇ ಸ್ಟಿಯರಿಂಗು. ಬೇರೆಯಾಗುವುದು ಬೆನ್ನಿನಲ್ಲಿ. ಸೆಡಾನಿನ ಛಾವಣಿ ಹಿಂದಕ್ಕೆ ಹೋಗುತ್ತ ಇಳಿದು, ತೆಳುವಾಗಿ, ಡಿಕ್ಕಿಯ ಮೇಲೆ ಮುಗಿದುಹೋಗುತ್ತದೆ. ವ್ಯಾಗನಿನದು ಇಳಿಯುವುದಿಲ್ಲ. ಕೊನೆಯ ತನಕ ನೇರ ಹೋಗಿ ಒಂದು ದೊಡ್ಡ ಬಾಗಿಲಾಗಿ ನಿಲ್ಲುತ್ತದೆ. ಸೀಟಿನ ಹಿಂದೆ ಡಿಕ್ಕಿಯೆಂಬ ಬೇರೆ ಕೋಣೆಯಿಲ್ಲ. ಎಲ್ಲ ಒಂದೇ ಹಜಾರ.

ರಾಯಪುರಂ ಹಾರ್ಬರಿನಲ್ಲಿ ಇಪ್ಪತ್ತೆಂಟು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಹಡಗಿನ ಮೈಮೇಲೆ ಬರೆದ ಗುರುತುಗಳ ಯಾವ ಗೆರೆಯ ತನಕ ನೀರು ಬಂದಿದೆ ಎಂದು ನೋಡಿ, ಒಳಗೆ ಎಷ್ಟು ಸರಕಿದೆ ಎಂದು ಬರೆದುಕೊಡುವುದು. ಒಳಗೆ ಇಳಿದು ನೋಡುವ ಅಗತ್ಯ ಬೀಳುವುದಿಲ್ಲ. ಹೊರಗೆ ನಿಂತೇ ಎಲ್ಲ ಗೊತ್ತಾಗುತ್ತದೆ ಎಂಬ ಅಭ್ಯಾಸ ಮನೆಯಲ್ಲೂ ಉಳಿದುಕೊಂಡಿತೋ ಏನೋ. ನನಗೆ ಇಷ್ಟವಾದದ್ದು ಸೆಡಾನ್. ಹಿಂದೆ ಯಾರೂ ಇಲ್ಲದ, ಯಾರಿಗೂ ಜಾಗ ಮಾಡಬೇಕಾಗಿಲ್ಲದ ಬೆನ್ನು ಅದರದು. ವ್ಯಾಗನಿಗಿಂತ ಒಂದೇ ಚಾರ್ಜಿನಲ್ಲಿ ಮೂವತ್ತು ಕಿಲೋಮೀಟರ್ ಹೆಚ್ಚು ಹೋಗುತ್ತದೆ. ಎಲ್ಲಿಗೆ ಎಂದು ನಾನು ಯೋಚಿಸಿರಲಿಲ್ಲ.

ಹೋದ ಭಾನುವಾರ ಶೋರೂಮಿಗೆ ಹೊರಟಾಗ ಅಮ್ಮ "ನಾನೂ ಬರ್ತೀನೋ" ಎಂದಳು. ಅವಳು ಮಗನ ಕಾರಿನ ಬಣ್ಣ ನೋಡಲು ಬರುವವಳಲ್ಲ. ಅಲ್ಲಿ ಸೊಂಟದಿಂದ ಹೂ ಕಟ್ಟುವ ದಾರದ ಒಂದು ಉಂಡೆ ತೆಗೆದಳು. ಅದರಲ್ಲಿ ಮೂರು ಗಂಟು. ಉದ್ದಕ್ಕೊಂದು, ಅಗಲಕ್ಕೊಂದು, ಎತ್ತರಕ್ಕೊಂದು. ದೇವರ ಪೆಟ್ಟಿಗೆಯ ಅಳತೆ. ಸಾಲಿಗ್ರಾಮಗಳಿರುವ ತೇಗದ ಆ ಪೆಟ್ಟಿಗೆಯನ್ನು, ಗೋಪುರದ ಹಾಗೆ ಏರಿದ ಅದರ ಮುಚ್ಚಳವನ್ನು, ನಿನಗೆ ನಾನು ವರ್ಣಿಸಬೇಕಾಗಿಲ್ಲ. ಕಾರು ತೋರಿಸುತ್ತಿದ್ದವಳು ಗುಣವತಿ ಎಂಬ ತಿರುವೊಟ್ಟಿಯೂರಿನ ಹೆಣ್ಣುಮಗಳು, ಕೈಯಲ್ಲೊಂದು ಟ್ಯಾಬ್ಲೆಟ್ಟು. ಅಮ್ಮ ಹೇಳಿದ ಹಾಗೆ ಅವಳು ಸೆಡಾನಿನ ಡಿಕ್ಕಿಯಲ್ಲಿ ದಾರ ಹಿಡಿದಳು. ಉದ್ದ ಆಯಿತು, ಅಗಲ ಆಯಿತು. ಎತ್ತರದ ಗಂಟು ಮಾತ್ರ ಡಿಕ್ಕಿಯ ಅಂಚಿನಿಂದ ಮೇಲೆ ನಿಂತಿತು, ಡಿಕ್ಕಿ ಮುಚ್ಚುವ ಹಾಗಿರಲಿಲ್ಲ. "ಕೊಂಜಂ ಚಾಯ್ಚು ವೆಚ್ಚಾ ಪೋದುಂ ಅಮ್ಮಾ" ಎಂದಳು, ಸ್ವಲ್ಪ ಓರೆ ಮಾಡಿ ಇಟ್ಟರಾಯಿತು ಎಂದು. ಅಮ್ಮ ಕನ್ನಡದಲ್ಲೇ, "ಒಳಗಿರೋವ್ರು ಬಿದ್ದುಹೋಗ್ತಾರಮ್ಮಾ" ಎಂದಳು. ಗುಣವತಿ ನನ್ನ ಮುಖ ನೋಡಿದಳು. ಸಾಮಿ ಪೆಟ್ಟಿ ಎಂದೆ. ಅವಳು ಶೂ ಕಳಚಿಟ್ಟು, ದಾರ ಹಿಡಿದು ವ್ಯಾಗನಿನ ಹಿಂಭಾಗಕ್ಕೆ ಹತ್ತಿದಳು. ಅಲ್ಲಿ ಮೂರು ಗಂಟೂ ಹಿಡಿಸಿ ಮೇಲೆ ಒಂದು ಮೊಳ ಉಳಿಯಿತು.

ಆಗ ನಾನು ಒಂದು ಮಾತು ಹೇಳಿದೆ. ಅದನ್ನು ನಿನಗೆ ಬರೆಯದಿದ್ದರೆ ಈ ಕಾಗದಕ್ಕೆ ಅರ್ಥವಿಲ್ಲ. "ಅಮ್ಮಾ, ಸೆಡಾನಾದರೆ ಡಿಕ್ಕಿಗೂ ನಮಗೂ ನಡುವೆ ಗೋಡೆ ಇದೆ. ವ್ಯಾಗನಿನಲ್ಲಿ ಎಲ್ಲ ಒಂದೇ. ನಾವು ಮೈಲಿಗೆಯಲ್ಲಿ ಕೂತಿರ್ತೀವಿ, ಚಪ್ಪಲಿ ಇರತ್ತೆ. ಮಡಿಗೆ ಸೆಡಾನೇ ಸರಿ. ಬೇಕಾದರೆ ಎತ್ತರ ಕಮ್ಮಿ ಇರೋ ಬೇರೆ ಪೆಟ್ಟಿಗೆ ಮಾಡಿಸೋಣ." ಹನ್ನೆರಡು ನಿಮಿಷದಲ್ಲಿ ಪೂಜೆ ಮುಗಿಸಿ ಶರಟು ಹಾಕಿಕೊಳ್ಳುವವನ ಬಾಯಲ್ಲಿ ಮಡಿ! ಅಮ್ಮ ನನ್ನನ್ನು ಹೊಸ ಕಣ್ಣಿನಿಂದ ನೋಡಿ, "ನಿನಗೆ ಯಾವಾಗಿಂದ ಬಂತೋ ಮಡಿ? ನಿನ್ನ ಎಸಿ ಗಾಳಿ ಅವರಿಗೂ ಸ್ವಲ್ಪ ತಗಲಲಿ ಬಿಡು" ಎಂದಳು. ಆಮೇಲೆ ಚೀಲದಿಂದ ತಂಬಿಗೆ ತೆಗೆದು ವ್ಯಾಗನಿನ ಹಿಂದಿನ ಹಾಸಿನ ಮೇಲೆ ನೀರು ಚಿಮುಕಿಸಲು ಹೋದಳು. ಗುಣವತಿ ಹೌಹಾರಿ, "ಅಮ್ಮಾ, ತಣ್ಣಿ ವೇಂಡಾಂ! ಕರೆಂಟ್ ವಂಡಿ!" ಎಂದು ನೀರಿಗೆ ಕೈ ಅಡ್ಡ ಹಿಡಿದು ಕೂಗಿದಳು. "ಏಮ್ಮಾ, ಮಳೆಯಿಲೆ ಪೋಗಾದಾ ಉನ್ ವಂಡಿ?" ಎಂದು ಕೇಳಿದಳು ಅಮ್ಮ. ಮಳೆಯಲ್ಲಿ ಹೋಗದ ಗಾಡಿ ಮದರಾಸಿನಲ್ಲಿ ಯಾರಿಗೆ ಬೇಕು ಎಂದು. ಇಬ್ಬರೂ ನಕ್ಕರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ನನ್ನ ಮಾತನ್ನು ನಾನೇ ಇನ್ನೊಮ್ಮೆ ಕೇಳಿಸಿಕೊಳ್ಳುತ್ತಿದ್ದೆ, ಅದರ ದನಿ ಎಲ್ಲಿಯದೆಂದು ಗುರುತು ಹತ್ತಿತ್ತು.

ಏಳು ವರ್ಷದ ಹಿಂದಿನ, ಅಪ್ಪನ ಹದಿಮೂರನೆಯ ದಿನದ ದನಿ ಅದು. ಎಲೆಯ ಮುಂದೆ ಕೂತಿದ್ದೆವು. ನೀನು ಮೆಲ್ಲಗೆ, "ಅಣ್ಣಾ, ಪೆಟ್ಟಿಗೆ ನಾನು ತೊಗೊಂಡು ಹೋಗ್ಲಾ? ನಿನಗೆ ಪೂಜೆ ಅಂದ್ರೆ ಅಷ್ಟಕ್ಕಷ್ಟೇ" ಎಂದೆ. ಅದು ನಿಜವಾಗಿತ್ತು; ನಿಜವಾದ್ದರಿಂದಲೇ ನನಗೆ ಚುಚ್ಚಿತು. "ದೇವರಿರೋದು ಹಿರೀ ಮಗನ ಮನೇಲಿ. ಅದು ಪದ್ಧತಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಪದ್ಧತಿಯ ಮೇಲೆ ನನಗೆ ಎಷ್ಟು ನಂಬಿಕೆ ಎಂದು ಆ ಪಂಕ್ತಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನೀನು ಪಾಯಸಕ್ಕೆ ಕಾಯದೆ ಎದ್ದೆ. ನಂಬದ ನಿಯಮವನ್ನು ನನಗೆ ಬೇಕಾದಾಗ ಮಾತ್ರ ಕೈಗೆತ್ತಿಕೊಳ್ಳುವುದು ನನ್ನ ಚಾಳಿ. ಆ ದಿನ ಅದರಿಂದ ಪೆಟ್ಟಿಗೆ ಗೆದ್ದುಕೊಂಡೆ. ಈಗ ಅದರಿಂದಲೇ ಕಾರು ಗೆಲ್ಲಲು ನೋಡಿದೆ.

ಗೆದ್ದುಕೊಂಡ ಪೆಟ್ಟಿಗೆಯನ್ನು ಹೇಗೆ ನೋಡಿಕೊಂಡೆ ಎಂದೂ ಹೇಳಿಬಿಡುತ್ತೇನೆ. ನಾನು ಊರಲ್ಲಿಲ್ಲದ ದಿನ ಸತ್ಯಾತ್ಮ ಬಂದು ಪೂಜೆ ಮಾಡಿ ಹೋಗುತ್ತಾನೆ. ಊರಲ್ಲಿದ್ದೂ ಮಾಡದ ಒಂದು ದಿನವಿದೆ, ಹೋದ ಕಾರ್ತಿಕದಲ್ಲಿ. ಸುಸ್ತಾಗಿತ್ತು. ಪೆಟ್ಟಿಗೆಯನ್ನು ತೆರೆಯದೆ ತೀರ್ಥದ ಬಟ್ಟಲಿಗೆ ನಲ್ಲಿ ನೀರು ಹಾಕಿ, ಒಂದು ದಳ ತುಳಸಿ ಬಿಟ್ಟು, ಪೂಜೆ ಆಯಿತು ಎಂದೆ. ಅಮ್ಮ ಬಂದು ನಿಂತಳು. ಗಂಧ ತೇಯುವ ಸಾಣೆಕಲ್ಲು ಒಣಗಿತ್ತು. ಅದನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಕೈಯೊಡ್ಡಲೂ ಇಲ್ಲ. ಹಸಿವಿಲ್ಲ ಎಂದು ಹೋಗಿ ಮಲಗಿದಳು. ತೀರ್ಥವಿಲ್ಲದೆ ಅವಳು ಊಟ ಮಾಡುವುದಿಲ್ಲ ಎಂದು ನಿನಗೆ ಗೊತ್ತು. ಮರುದಿನ ನಿಜವಾದ ಪೂಜೆ ಮಾಡಿ ತೀರ್ಥ ಕೊಟ್ಟೆ. ಮೂರು ಸಲ ತೆಗೆದುಕೊಂಡು, ಅಡುಗೆಮನೆಯ ಕಡೆ ತಿರುಗಿ, "ತುಂಗಾ, ಅನ್ನ ಆಗಿದೆಯೇನಮ್ಮಾ?" ಎಂದಳು. ಅಷ್ಟೇ. ಬೈದಿದ್ದರೆ ಇಷ್ಟು ದಿನಕ್ಕೆ ಮರೆಯುತ್ತಿದ್ದೆ.

ಶೋರೂಮಿನಲ್ಲಿ ಅವಳು ವ್ಯಾಗನಿನ ಹಿಂದಿನ ಸೀಟಿನಲ್ಲಿ ಕೂತು, ಒಂದು ಕೈಯನ್ನು ಸೀಟಿನ ಮೇಲಿಂದ ಹಿಂದಕ್ಕೆ ಇಳಿಬಿಟ್ಟಳು. ಗೋಡೆಯಿಲ್ಲದ್ದರಿಂದ ಕೈ ಪೆಟ್ಟಿಗೆ ಇರಬೇಕಾದ ಜಾಗವನ್ನು ಮುಟ್ಟಿತು. ನನಗೆ ಮಂತ್ರಾಲಯದ ಪ್ರಯಾಣ ನೆನಪಾಯಿತು. ನಿನಗೆ ಐದು ವರ್ಷ, ಬಾಡಿಗೆಯ ಅಂಬಾಸಡರ್. ಹಿಂದೆ ಅಮ್ಮ ಮಡಿಯಲ್ಲಿ, ಮಡಿಲಲ್ಲಿ ಪೆಟ್ಟಿಗೆ. ಮುಂದೆ ಡ್ರೈವರು, ಅಪ್ಪ, ನಾವಿಬ್ಬರು. ನಿನಗೆ ಹೊಟ್ಟೆ ತೊಳಸಿ, ಹಿಂದೆ ಬಾಗಿಲಿಗೆ ಅಂಟಿಕೊಂಡು ಕೂರು, ಅಮ್ಮನನ್ನು ಮುಟ್ಟಬೇಡ ಎಂದು ಅಪ್ಪ ಕಳಿಸಿದರು. ಕಡಪ ದಾಟಿದ ಮೇಲೆ ನಾನು ತಿರುಗಿ ನೋಡಿದರೆ ನಿನ್ನ ತಲೆ ಪೆಟ್ಟಿಗೆಯ ಮೇಲಿತ್ತು, ಬಾಯಿ ತೆರೆದಿತ್ತು. "ಲೇ, ಏಳಿಸೇ ಅವನನ್ನ" ಎಂದರು ಅಪ್ಪ. "ಇರ್ಲಿ ಬಿಡಿ, ನಿದ್ದೆ ಹತ್ತಿದೆ ಮಗೂಗೆ" ಎಂದಳು ಅಮ್ಮ. ನೀನಾಗಿ ಎಚ್ಚರಗೊಂಡ ಮೇಲೆ, ಯಾವುದೋ ಹೊಲದ ಪಂಪ್‌ಸೆಟ್ಟಿನ ಹತ್ತಿರ ಗಾಡಿ ನಿಲ್ಲಿಸಿ, ತಣ್ಣೀರು ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಬಂದು ಮತ್ತೆ ಪೆಟ್ಟಿಗೆ ಮಡಿಲಿಗೆ ತೆಗೆದುಕೊಂಡಳು. ಮಡಿ ಬಿಟ್ಟದ್ದೂ ಅವಳೇ, ಮತ್ತೆ ಕಟ್ಟಿಕೊಂಡದ್ದೂ ಅವಳೇ. ನಿನ್ನನ್ನು ಒಂದು ಮಾತೂ ಅನ್ನಲಿಲ್ಲ. ನನಗೆ ಅವತ್ತು ಹೊಟ್ಟೆಕಿಚ್ಚಾಗಿತ್ತು. ಎಚ್ಚರವಾಗಿ, ನೆಟ್ಟಗೆ, ಯಾರನ್ನೂ ಮುಟ್ಟದೆ ಕೂತ ಜಾಣ ನಾನಾಗಿದ್ದೆ.

ಅಮ್ಮ ಸೀಟಿನಿಂದ ಏಳದೆ ಗುಣವತಿಯನ್ನು ಕೇಳಿದಳು, ನನ್ನನ್ನಲ್ಲ. "ಮುಳಬಾಗಿಲಿಗೆ ಎವ್ವಳವು ನೇರಂ ಆಗುಂ?" ಆ ಊರಿನ ಹೆಸರನ್ನು ನನ್ನೆದುರು ಅವಳು ಹೇಳಿದ್ದು ಏಳು ವರ್ಷದಲ್ಲಿ ಅದೇ ಮೊದಲು. ಗುಣವತಿ ನೋಡಿ ಐದು ಗಂಟೆ ಎಂದಳು, ಒಂದೇ ಚಾರ್ಜಿನಲ್ಲಿ ಹೋಗಬಹುದು ಎಂದಳು. "ಅವ್ವಳವುದಾನಾ?" ಎಂದಳು ಅಮ್ಮ. ಇಷ್ಟೇನಾ, ಎಂದು.

ಮನೆಗೆ ಬರುವಾಗ ಅವಳು ದಾರವನ್ನು ಮತ್ತೆ ಉಂಡೆ ಸುತ್ತುತ್ತ ಕೂತಿದ್ದಳು. ಆ ಗಂಟುಗಳನ್ನು ಇನ್ನೂ ಬಿಚ್ಚಿಲ್ಲ.

ನಿನಗೆ, ಸುಮೇಧಾಳಿಗೆ ಒಳ್ಳೆಯದಾಗಲಿ. ಮೊದಲೇ ಬರೆಯಬೇಕಾಗಿದ್ದ ಆಶೀರ್ವಾದ ಇದು. ಹಿರಿಯವನೆಂಬ ಹಕ್ಕಿನಿಂದಲ್ಲ, ಬಾಯಿ ತೆರೆದು ಮಲಗಿದ್ದ ನಿನ್ನನ್ನು ತಿರುಗಿ ನೋಡಿದವನೆಂಬ ನೆನಪಿನಿಂದ.

ನಿನ್ನ ಅಣ್ಣ,
ಬದರಿನಾಥ

ತಾ. ಕ.: ಕವರು ಅಂಟಿಸಿ ಮತ್ತೆ ಬಿಡಿಸಿದ್ದೇನೆ. ವ್ಯಾಗನ್ ಬುಕ್ ಮಾಡಿ ಬಂದೆ, ಬಿಳಿಯದು. ಮಾರ್ಚ್ 8, ಎರಡನೆಯ ಶನಿವಾರ, ಅಮ್ಮನನ್ನೂ ಪೆಟ್ಟಿಗೆಯನ್ನೂ ಕರೆದುಕೊಂಡು ಬರುತ್ತೇನೆ. ಪೆಟ್ಟಿಗೆ ಇನ್ನು ನಿನ್ನಲ್ಲೇ ಇರಲಿ. ಒಂದು ಮಣೆ ತೊಳೆದಿಡಲು ಸುಮೇಧಾಳಿಗೆ ಹೇಳು. ಅಮ್ಮ ಎಲ್ಲಿರಬೇಕೆಂಬುದನ್ನು ಅವಳೇ ಹೇಳಲಿ. ಐದೇ ಗಂಟೆಯ ದಾರಿ ಎಂದು ಅವಳಿಗೆ ಈಗ ಗೊತ್ತು. ಬೇಡ ಎನ್ನುವುದಾದರೆ ಮಾತ್ರ ಫೋನ್ ಮಾಡು. ಇನ್ನೊಂದು, ನಿಮ್ಮ ಮನೆಯ ಹೊರಗೋಡೆಯಲ್ಲಿ ಹದಿನೈದು ಆಂಪಿಯರ್ ಪ್ಲಗ್ ಇದೆಯೇ? ಅದರಲ್ಲಿ ಈ ಕಾರಿನ ಬ್ಯಾಟರಿ ತುಂಬಲು ಒಂದೂವರೆ ದಿನ ಹಿಡಿಯುತ್ತದೆ. ಹೈವೇಯಲ್ಲಿ ಮುಕ್ಕಾಲು ಗಂಟೆಯಲ್ಲಿ ತುಂಬಿಕೊಡುವ ಕಡೆಗಳಿವೆ ಎಂದು ಮಾನ್ಯಾ ಹೇಳುತ್ತಾಳೆ. ನಾನು ನಿನ್ನ ಮನೆಯ ಪ್ಲಗ್ಗನ್ನೇ ಕೇಳುತ್ತಿದ್ದೇನೆ.