ಗಾರಿ ಉಬ್ಬಿದ ಶನಿವಾರ

ಕ್ಯಾಲಬಾರ್
ನವೆಂಬರ್ ೧೨

ಪ್ರೀತಿಯ ಅಫಿಯಾಂಗ್,

ಸಮಸ್ತ ಬಂಧುಬಾಂಧವರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನನ್ನ ನೀಲಿ ಜರಿ ರವಿಕೆಯ ಮೂರನೆಯ ಗುಂಡಿ ಕೊನೆಗೂ ಕೂತಿತು. ಎಷ್ಟು ಹೊತ್ತು ಕೂತಿತು ಎಂಬುದು ಮುಂದೆ ಬರುತ್ತದೆ. ಕಾಗದ ತಡವಾಯಿತೆಂದು ಬೈಯಬೇಡ. ಕ್ಯಾನ್ಸರ್ ಎಂದು ಎಡಮೊಲೆ ತೆಗೆದ ಮೇಲೆ ಬಹಳ ದಿನ ಕೈ ಎತ್ತಲಾಗಲಿಲ್ಲ. ಆಮೇಲಿನದು ಬರೀ ಸೋಮಾರಿತನ.

ಹೊಸದು ಕಟ್ಟಿಸೋಣವೆಂದು ಡಾಕ್ಟರ್ ಓಗ್ಬನ್ ಹತ್ತಿರ ಹೋಗಿದ್ದೆ. ಕಡ್ಡಿಯಂಥ ಮನುಷ್ಯ. ಸಿಲಿಕೋನ್ ಚೀಲ ಇಟ್ಟರೆ ನನ್ನ ಗಾತ್ರಕ್ಕೆ ಕೀವಾಗುವ ಭಯ ಹೆಚ್ಚಂತೆ. ಹೊಟ್ಟೆಯ ಮಾಂಸವನ್ನೇ ಎದೆಗೆ ಕೂರಿಸಬಹುದಂತೆ, ಆದರೆ ಗಾಯ ಸರಿಯಾಗಿ ಮಾಯಬೇಕಾದರೆ ಮೊದಲು ಮೈ ಇಳಿಸಬೇಕಂತೆ. ಇಲ್ಲವೇ ಹೀಗೇ ಚಪ್ಪಟೆ ಬಿಡುವುದು.

"ಎಷ್ಟು ಇಳಿಸ್ಬೇಕು ಸ್ವಾಮಿ?"

"ಮೂವತ್ತು ಕಿಲೋ, ಅಮ್ಮಾ."

"ಅಷ್ಟು ಇಳಿಸಿದ್ರೆ ನನ್ನ ಗಂಡ ತೆರ ವಾಪಸ್ ಕೇಳ್ತಾನೆ. ನೀವು ಕೊಡ್ತೀರಾ?"

ಮದುವೆಗೆ ಮುಂಚೆ ನೀನೂ ನಾನೂ ಮೈತುಂಬುವ ಕೋಣೆಯಲ್ಲಿ ತಿಂಗಳುಗಟ್ಟಲೆ ಕೂತು, ಉಂಡು, ಮಾಲೀಸು ಮಾಡಿಸಿಕೊಂಡು ಗಳಿಸಿದ ಮೈ ಇದು. ಒಬ್ಬ ಕಡ್ಡಿಯ ಮಾತಿಗೆ ಕರಗಿಸಲೇ? ಮನೆಗೆ ಬಂದು ಬಟ್ಟೆಯ ಚೀಲ ಹೊಲಿದು, ಮರಗೆಣಸಿನ ಗಾರಿ ಹಿಟ್ಟು ತುಂಬಿ ಎಡಕ್ಕೆ ಇಟ್ಟುಕೊಂಡೆ. ತೂಕವೂ ಸರಿ, ಗುಂಡಿಯೂ ಸರಿ.

ಹೋದ ಶನಿವಾರ ಮಗಳು ಆತಿಮ್‌ಳನ್ನು ಅದೇ ಕೋಣೆಗೆ ಕಳಿಸುವ ಕುಣಿತ. ತಾಯಿಯೇ ಮುಂದೆ ಕುಣಿಯಬೇಕಲ್ಲ. ಅರ್ಧದಲ್ಲಿ ಮಳೆ ಹೊಯ್ದಿತು. ನೀರು ಕಂಡ ಗಾರಿ ಏನು ಮಾಡುತ್ತದೆಂದು ಇಲ್ಲಿಯ ಕೂಸಿಗೂ ಗೊತ್ತು. ನನಗೆ ಮಾತ್ರ ಮರೆತಿತ್ತು. ಎಡಗಡೆ ಉಬ್ಬಿತು, ಇನ್ನೂ ಉಬ್ಬಿತು. ಮೂರನೆಯ ಗುಂಡಿ ಹಾರಿ ಡೋಲಿನವನ ಹಣೆಗೆ ಬಡಿಯಿತು.

"ಇಕ್ವೋ, ಮುದ್ದೆ ಆಯ್ತು, ಸಾರು ತರಿಸ್ಲೇನೇ?" ಎಂದರು ನನ್ನ ಅತ್ತೆ.

ಚೀಲ ಎಳೆದು ಅವರ ಮಡಿಲಿಗೆ ಹಾಕಿದೆ. "ತಗೊಳ್ಳಿ ಅತ್ತೆ, ಇನ್ನೂ ಬೆಚ್ಚಗಿದೆ."

ಡೋಲು ನಿಂತಿತ್ತು. "ಯಾಕೋ, ನಿನ್ನ ಡೋಲನ್ನೂ ಕುಯ್ದುಬಿಟ್ರಾ?" ಎಂದೆ. ಬಾರಿಸಿದ. ಒಂದು ಕಡೆ ಗುಡ್ಡ, ಒಂದು ಕಡೆ ಬಯಲು ಹೊತ್ತುಕೊಂಡು ಕೊನೆಯವರೆಗೂ ಕುಣಿದೆ. ಇನ್ನು ಮುಂದೆಯೂ ಹೀಗೇ. ನೋಡುವವರು ನೋಡಲಿ.

ನಿನ್ನ ಮಂಡಿನೋವು ಇಳಿಯಲಿ, ಮೊಮ್ಮಕ್ಕಳು ನಿನ್ನಷ್ಟೇ ಅಗಲವಾಗಿ ಬೆಳೆಯಲಿ.

ನಿನ್ನ,
ಇಕ್ವೋ

ಇನ್ನೊಂದು ಮಾತು: ಕೋಣೆ ಸೇರಿದಾಗಿನಿಂದ ಆತಿಮ್ ತಟ್ಟೆ ಮುಟ್ಟುತ್ತಿಲ್ಲ. ಕೇಳಿದರೆ, "ಅಮ್ಮಾ, ನಾಳೆ ನನಗೂ ಅದೇ ಬಂದ್ರೆ? ದಪ್ಪಗಿರೋರಿಗೆ ಕಟ್ಟಿಕೊಡಲ್ವಲ್ಲ" ಅಂದಳು. ಅಂದಿನಿಂದ ಊಟದ ಹೊತ್ತಿಗೆ ಅವಳ ಪಕ್ಕದಲ್ಲಿ ಕೂತು ನಾನೇ ಮೊದಲ ತುತ್ತು ತಿನ್ನುತ್ತೇನೆ. ನೀನು ಒಣಗಿಸಿದ ಸೀಗಡಿಯೆಂದರೆ ಅವಳಿಗೆ ಪ್ರಾಣ. ನಿಮ್ಮೂರು ಓರಾನ್‌ನಿಂದ ಬರುವ ಮಂಗಳವಾರದ ದೋಣಿಯಲ್ಲಿ ಒಂದು ಬುಟ್ಟಿ ಕಳಿಸು. ಮರಳು ಜರಡಿ ಹಿಡಿದು ಕಳಿಸು.