ಹಿರೊನಾಕನ ಹೆಂಡತಿ ಕಟ್ಟಿದ ಬೆಂಟೊ

ಮೇ 9, ಬೆಳಗಿನ ಜಾವ

ಮೊಟ್ಟೆಯ ಸುರುಳಿ ಎರಡನೇ ಪದರಕ್ಕೇ ಹರಿಯಿತು. ಉರಿ ಜಾಸ್ತಿಯಾಗಿತ್ತು. ಹರಿದದ್ದು ನನ್ನ ಬೆಂಟೊ ಡಬ್ಬಿಗೆ, ಎರಡನೇ ಸಲ ಚೆನ್ನಾಗಿ ಬಂದದ್ದು ಹೆಂಡತಿ ಮಿಸಾವೊ ಡಬ್ಬಿಗೆ. ಅನ್ನ ಆರುವ ಮೊದಲು ಮುಚ್ಚಳ ಹಾಕಿದರೆ ಬೆವರುತ್ತದೆ. ಬೀಸಣಿಗೆ ಹಿಡಿದು ನಿಂತೆ. ಮಿಸಾವೊ ಡ್ರೈವರ್ ಟೊಪ್ಪಿ ಸಿಕ್ಕಿಸಿಕೊಂಡು ಬಂದಳು. ತಕಮತ್ಸು ಊರಿನ ಬೆಳಗಿನ ಮೊದಲ ಬಸ್ಸು ಈ ವಾರ ಅವಳದು.

"ಬಿಸಿ ಇದ್ರೂ ಪರವಾಗಿಲ್ಲ, ಕೊಡು ಯಾಸು."

"ಕೊಡಲ್ಲ. ಮಧ್ಯಾಹ್ನ ಹಳಸಿದ್ರೆ ನನಗೇ ಬೈತೀಯ."

ನಿಂತಲ್ಲೇ ಕಾಲು ಕುಣಿಸುತ್ತ ಕಾದಳು. ಪಾಪ.

ಅದೇ ದಿನ, ಸಂಜೆ

ಆಫೀಸಿನಲ್ಲಿ ಮತ್ತೆ ಅದೇ. ಊಟದ ಹೊತ್ತಿಗೆ ನಮ್ಮ ವಿಭಾಗದ ಮುಖ್ಯಸ್ಥ ಕುರಿಹಾಶಿ ನನ್ನ ಡಬ್ಬಿಯೊಳಗೆ ಕತ್ತು ಹಾಕಿದರು. "ಆಹಾ, ಸಿಹಿಗುಂಬಳ! ಪುಣ್ಯ ಮಾಡಿದ್ದೀಯ ಕಣಯ್ಯಾ ಹಿರೊನಾಕ. ಎಂಥಾ ಹೆಂಡತಿ!"

"ನಾನೇ ಮಾಡಿದ್ದು ಸರ್."

ಎಲ್ಲರೂ ನಕ್ಕರು. ಪ್ರತಿ ಸಲ ಹೇಳುತ್ತೇನೆ, ಪ್ರತಿ ಸಲ ನಗುತ್ತಾರೆ. ಕೈಗವಸು ಮಾಡುವ ಕಂಪನಿ ನಮ್ಮದು. ಆ ಹೊಲಿಗೆ ಯಂತ್ರಗಳನ್ನು ಬಿಚ್ಚಿ ಜೋಡಿಸುವ ಗಂಡಸು ಒಂದು ಮೊಟ್ಟೆ ಸುತ್ತಿದನೆಂದರೆ ಯಾರಿಗೂ ನಂಬಿಕೆಯಿಲ್ಲ!

ಮೇ 13

ಇವತ್ತು ಮಿತಿ ಮೀರಿತು. ಲೆಕ್ಕಪತ್ರದ ನಗುಮೊ ಪಕ್ಕದ ಮೇಜಿನಲ್ಲಿ ಬನ್ನು ತಿನ್ನುತ್ತಿದ್ದಳು. ಕುರಿಹಾಶಿ ನನ್ನ ಡಬ್ಬಿಯನ್ನು ಎತ್ತಿ — ನನ್ನ ಡಬ್ಬಿ, ನನ್ನನ್ನು ಕೇಳದೆ! — ಅವಳ ಮುಂದೆ ಹಿಡಿದರು.

"ನೋಡಮ್ಮ, ನಗುಮೊ-ಸಾನ್. ಸಂಸಾರ ಮಾಡೋ ಹೆಣ್ಣಿನ ಕೈ ಅಂದ್ರೆ ಇದು. ನೀನು ದಿನಾ ಹೀಗೆ ಪ್ಲಾಸ್ಟಿಕ್ ಹರಿದು ಬನ್ನು ತಿಂತಾ ಇದ್ರೆ ಯಾರಮ್ಮ ಕಟ್ಕೋತಾರೆ?"

ಅವಳು ಬನ್ನನ್ನು ಅರ್ಧಕ್ಕೇ ಚೀಲಕ್ಕೆ ತುರುಕಿ ಎದ್ದುಹೋದಳು. ಹೋಗುವಾಗ ನನ್ನ ಕಡೆ ನೋಡಿದ ನೋಟ... ನಾನೇ ಬೈದೆನೇನೋ ಎಂಬಂತೆ. ನಾನು ಬೆಳಗೆದ್ದು ಹೆಚ್ಚಿದ ಗೊಬೊ ಬೇರು ಒಬ್ಬ ಹುಡುಗಿಗೆ ಹೊಡೆಯುವ ಕೋಲಾಯಿತು. 

ಮೇ 20

ಕುರಿಹಾಶಿ ನೋಡಿಕೊಳ್ಳುವ ಕಂಪನಿ ಪತ್ರಿಕೆಗೆ ನನ್ನ ಬೆಂಟೊ ಫೋಟೊ ಬೇಕಂತೆ. "ಹೆಂಡತಿಯ ಪ್ರೀತಿಯ ಡಬ್ಬಿ" ಅಂತ ಅಂಕಣ. ನಾನು ಮಾಡಿದ್ದೆಂದು ಬರೆಯುವುದಾದರೆ ಆಗಬಹುದು ಅಂದೆ.

ಕುರಿಹಾಶಿ ದನಿ ತಗ್ಗಿಸಿದರು. "ಹೆಂಡತಿ ಬಸ್ ಓಡಿಸ್ತಾಳೆ, ಗಂಡ ಒಲೆ ಮುಂದೆ ಇರ್ತಾನೆ ಅಂತ ಬರೀಲಾ? ಉಪಮುಖ್ಯಸ್ಥನ ಜಾಗಕ್ಕೆ ನಿನ್ನ ಹೆಸರು ಮೇಲಕ್ಕೆ ಕಳಿಸಿದ್ದೀನಿ ಕಣಯ್ಯಾ. ನಿರ್ದೇಶಕರು ಹಳೇ ಕಾಲದವರು. ಮನೇಲೇ ಇಷ್ಟು ಅಂದ್ಮೇಲೆ ಆಫೀಸಲ್ಲಿ ಏನು ದರ್ಬಾರು ಮಾಡ್ತಾನೆ ಅಂತಾರೆ."

ಬಡ್ತಿ ಅಂದಕೂಡಲೇ ನಾನು ಮೆತ್ತಗಾದೆ. ಕೊನೆಗೆ ಅಂದೆ — ಯಾರು ಮಾಡಿದ್ದು ಅಂತ ಬರೆಯಲೇಬೇಡಿ, ಬರೀ ಫೋಟೊ ಹಾಕಿ. ಆಗಲಿ ಆಗಲಿ ಅಂದರು. ಫೋಟೊ ತೆಗೆದರು.

ಮಿಸಾವೊಗೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಸುಮ್ನೆ ಯಾಕೆ ಒಪ್ಕೊಂಡೆ? ನಾಚಿಕೆನಾ?" ಅಂದಳು.

ನಾಚಿಕೆಯಲ್ಲ ಅಂದೆ. 

ಜೂನ್ 17

ಪತ್ರಿಕೆ ಬಂತು. ಊಟದ ಕೋಣೆಯ ಗೋಡೆಗೂ ಒಂದು ಪ್ರತಿ ಅಂಟಿಸಿದ್ದಾರೆ. ಅರ್ಧ ಪುಟ. ಕೆಳಗೆ ದಪ್ಪ ಅಕ್ಷರ — "ತಯಾರಿ: ಹಿರೊನಾಕ ಅವರ ಹೆಂಡತಿ." ಸಾಲದ್ದಕ್ಕೆ ಮಿಸಾವೊ ಹೆಸರಲ್ಲಿ ಮಾತು ಬೇರೆ: "ನಸುಕಿನಲ್ಲೆದ್ದು ಪತಿಗಾಗಿ ಅಡುಗೆ ಮಾಡುವುದೇ ನನ್ನ ದಿನದ ಸಂತೋಷ."

ಅವಳು ಈ ಜನರೊಂದಿಗೆ ಒಂದು ಮಾತೂ ಆಡಿಲ್ಲ!

ಕುರಿಹಾಶಿಯನ್ನು ಕೇಳಿದೆ. "ಚೆನ್ನಾಗಿ ಬಂದಿದೆಯಲ್ಲ?" ಅಂದರು.

ಮನೆಗೆ ತಂದು ತೋರಿಸಿದೆ. ಈ ಸಲ ನಗಲಿಲ್ಲ ಅವಳು. ಎರಡು ಸಲ ಓದಿದಳು. "ನನ್ನ ಬಾಯೊಳಗೆ ಕೈ ಹಾಕಿ ಮಾತಾಡಿಸಿದ್ದಾರೆ" ಅಂದಳು. ನನಗೂ ಬೈದಳು. ಬೈಸಿಕೊಂಡೆ.

ಜೂನ್ 19

 ಬರೆದುಬಿಡಬೇಕು.

ಊಟದ ಹೊತ್ತಿಗೆ ಮಿಸಾವೊ ಬಂದುಬಿಟ್ಟಳು. ಪಾಳಿ ಮುಗಿಸಿ ನೇರವಾಗಿ, ಸಮವಸ್ತ್ರದಲ್ಲೇ, ಬಿಳಿ ಕೈಗವಸು ಕೂಡ ತೆಗೆದಿರಲಿಲ್ಲ. ನನಗೂ ಹೇಳಿರಲಿಲ್ಲ.

"ಕುರಿಹಾಶಿ-ಸಾನ್ ಯಾರು? ನಸುಕಿನಲ್ಲೆದ್ದು ಸಂತೋಷಪಡೋ ಹೆಂಡತಿ ನಾನೇ. ಆ ಹೊತ್ತಲ್ಲಿ ನಾನು ಬಸ್ಸಿನ ಬ್ರೇಕು ನೋಡ್ತಾ ಇರ್ತೀನಿ. ಈ ಮಾತು ಯಾರು ಬರೆದದ್ದು?"

ಕುರಿಹಾಶಿ ಎದ್ದು ಬಗ್ಗಿ ನಮಸ್ಕರಿಸಿದರು. "ಕ್ಷಮಿಸಿ ಮೇಡಂ... ಆದ್ರೆ ನಿಮ್ಮನ್ನ ಹೊಗಳಿದ್ದೇ ತಾನೇ?"

"ಬೇರೆಯವರು ಮಾಡಿದ ಕೆಲಸಕ್ಕೆ ನನ್ನನ್ನ ಹೊಗಳಬೇಡಿ. ಇಪ್ಪತ್ತು ವರ್ಷ ಬಸ್ ಓಡಿಸಿದ್ದೀನಿ, ಹೊಗಳೋದಿದ್ರೆ ಅದಕ್ಕೆ ಹೊಗಳಿ. ಕ್ಷಮೆ ಕೇಳೋದಿದ್ರೆ ಅವರನ್ನ ಕೇಳಿ." ನನ್ನ ಕಡೆ ಬೆರಳು.

 ಕುರಿಹಾಶಿ ನನ್ನ ಕಡೆ ತಿರುಗಲೇ ಇಲ್ಲ. "ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿಸ್ತೀನಿ" ಅಂದರು, ಗೋಡೆಗೆ ಹೇಳುವಂತೆ.

ಮಿಸಾವೊ ನನ್ನ ಡಬ್ಬಿಯಿಂದ ಒಂದು ತುಂಡು ಮೀನು ಎತ್ತಿ ಬಾಯಿಗೆ ಹಾಕಿಕೊಂಡು ಹೊರಟಳು. ಮೂಲೆಯಲ್ಲಿ ನಗುಮೊ. ಎಷ್ಟೋ ದಿನದ ಮೇಲೆ ನನ್ನ ಮುಖ ನೋಡಿ ಕೇಳಿದಳು: "ನಿಜವಾಗ್ಲೂ ನೀವೇನಾ?"

"ದಿನಾ ಹೇಳ್ತಾನೇ ಇದ್ದೆನಲ್ಲಮ್ಮ!"

"ತಮಾಷೆ ಅಂದ್ಕೊಂಡಿದ್ದೆ" ಅಂದಳು. ಆಮೇಲೆ, "ಆವತ್ತು ನಾನು ಎದ್ದುಹೋದಾಗ್ಲೂ ನೀವು ಸುಮ್ನೇ ಇದ್ರಿ."



ಜುಲೈ 16, ರಾತ್ರಿ ಊಟಕ್ಕೆ ಮುಂಚೆ

ತಿದ್ದುಪಡಿ ಬಂತು. ಕೊನೆಯ ಪುಟದ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರ. ಹಾಗೇ ಇಳಿಸುತ್ತೇನೆ: "ಕಳೆದ ಸಂಚಿಕೆಯಲ್ಲಿ ಹಿರೊನಾಕ ಅವರ ಹೆಂಡತಿಯ ಡಬ್ಬಿ ಕುರಿತ ಬರಹದಲ್ಲಿ ಅಕ್ಷರದೋಷವಿತ್ತು. ವಿಷಾದಿಸುತ್ತೇವೆ."

ಅಕ್ಷರದೋಷ!

ಓದಿ ಮೈ ಉರಿದು ಊಟದ ಕೋಣೆಗೆ ಹೋದರೆ ಗೋಡೆಯ ಸುತ್ತ ಜನ. ಹಳೆಯ ಪುಟದಲ್ಲಿ ಯಾರೋ ಕೆಂಪು ಪೆನ್ನಿನಿಂದ ಎರಡು ಪದ ಹೊಡೆದುಹಾಕಿದ್ದರು. ಉಳಿದದ್ದು ಇಷ್ಟೇ — "ತಯಾರಿ: ಹಿರೊನಾಕ."

"ಯಾರ ಕೆಲಸ ಇದು?" ಕುರಿಹಾಶಿ ಕೂಗಿದರು.

ನಾನು ಅಂತ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನಗುಮೊ ಎದ್ದು ನಿಂತಳು. ಬಾಯಲ್ಲಿದ್ದ ಬನ್ನನ್ನು ನಿಧಾನವಾಗಿ ಅಗಿದು ನುಂಗಿದಳು.

"ಅಕ್ಷರದೋಷ ತಿದ್ದಿದೆ ಸರ್."

ಯಾರೋ ಹಿಂದೆ ಕಿಸಕ್ಕೆಂದರು. ಈ ಸಲ ನಕ್ಕದ್ದು ನನ್ನನ್ನು ನೋಡಿ ಅಲ್ಲ.

ಕುರಿಹಾಶಿ ಅವಳನ್ನು ಒಳಗೆ ಕರೆಸಿಕೊಂಡರು. ಕರೆಯದಿದ್ದರೂ ನಾನೂ ಹಿಂದೆಯೇ ನುಗ್ಗಿದೆ. ಅವಳಿಗೆ ಎಚ್ಚರಿಕೆ ಪತ್ರವಂತೆ. ಹಾಗಾದರೆ ನನಗೂ ಒಂದು ಕೊಡಿ ಅಂದೆ. ನಿನ್ನ ಬಡ್ತಿ ಮರೆತುಬಿಡು ಅಂದರು.

ಮರೆಯಬೇಕಂತೆ! ಹೋದರೆ ಹೋಗಲಿ ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದೆ. ಅಲ್ಲ, ಯಾಕೆ ಹೋಗಲಿ? ಹನ್ನೆರಡು ವರ್ಷ ದುಡಿದ ಜಾಗ. ಮೊಟ್ಟೆ ಸುತ್ತಿದ್ದು ಅಪರಾಧವೇ? ನಾಳೆ ಬೆಳಿಗ್ಗೆಯೇ ನಿರ್ದೇಶಕರ ಬಾಗಿಲು ತಟ್ಟುತ್ತೇನೆ. ನಗುಮೊ ಎಚ್ಚರಿಕೆ ಪತ್ರ ಮೊದಲು ಹರಿಯಲಿ, ನನ್ನ ಬಡ್ತಿ ಮಾತು ಆಮೇಲೆ. ಹೇಳುತ್ತೇನೆ, ಎದುರಿಗೆ ನಿಂತೇ ಹೇಳುತ್ತೇನೆ — ಸರ್, ನನ್ನ ಮನೆಯಲ್ಲಿ ಬೆಂಟೊ ಕಟ್ಟುವುದು ನಾನೇ.