ಮೈದಾನದಲ್ಲಿ ಉಳಿದ ನಾಲ್ವರು ಹುಡುಗೀರು

ಸೂಲಿಬೆಲೆ
11 ಫೆಬ್ರವರಿ 2025, ಮಂಗಳವಾರ

ಪ್ರೀತಿಯ ಪ್ರಮೋದಾ,

ನಿನ್ನತ್ತೆ ಮುನಿಲಕ್ಷ್ಮಮ್ಮ ಮಾಡೋ ಆಶೀರ್ವಾದ. ಮಸ್ಕತ್ತಲ್ಲಿ ಹೇಗಿದ್ದೀಯ? ಹೋದ ಸಲ ಫೋನಲ್ಲಿ ನೋಡಿದಾಗ ನಿನ್ನ ಕಣ್ಣ ಕೆಳಗೆ ಕಪ್ಪಾಗಿತ್ತು. ಆಸ್ಪತ್ರೆಯವರು ನೈಟ್ ಡ್ಯೂಟಿ ಇನ್ನೂ ಬಿಡಿಸಿಲ್ವಾ? ಸೊಂಟಕ್ಕೆ ಬೆಲ್ಟು ಕಟ್ಕೋತಿದ್ದೀಯಾ? ನರ್ಸಮ್ಮನಿಗೆ ಇದನ್ನ ನಾನು ಹೇಳಿಕೊಡಬೇಕಾಗಿ ಬಂತು ನೋಡು. ನಾನು ಚೆನ್ನಾಗಿದ್ದೀನಿ, ಮಂಡಿ ನೋವು ಇದ್ದಹಾಗೇ ಇದೆ. ಸೀಮೆಹಸು ಕರು ಹಾಕಿದೆ, ಹೆಣ್ಗರು. ಹುರುಳಿ ಒಕ್ಕಿದ್ದಾಯ್ತು. ಬೀದಿ ಕೊನೇ ಮನೆ ಆದಿಲಕ್ಷ್ಮಮ್ಮನ ಮಗಳು ನೀನಿರೋ ಮಸ್ಕತ್ತಿಗೇ ವಾಪಸ್ ಹೊರಟಿದ್ದಾಳೆ, ಅವಳ ಕೈಲಿ ಇದನ್ನ ಕಳಿಸ್ತಿದ್ದೀನಿ. ಜತೆಗೆ ನಿಪ್ಪಟ್ಟು, ಚಟ್ನಿಪುಡಿ ಇದೆ. ಎಸ್ಸೆಸ್ಸೆಲ್ಸಿ ಬರೆದ ಮೇಲೆ ನಾನು ಇಷ್ಟುದ್ದ ಬರೀತಿರೋದು ಇದೇ ಮೊದಲು, ಅಕ್ಷರ ಸೊಟ್ಟಗಿದ್ರೆ ಸುಧಾರಿಸ್ಕೊ. ಫೋನಲ್ಲೇ ಹೇಳೋಣ ಅಂದ್ರೆ ನಿನ್ನ ಗಂಡ ನನ್ನ ಪಕ್ಕದಲ್ಲೇ ನಿಂತಿರ್ತಾನೆ. ಹೇಳಬೇಕಾಗಿರೋದು ಅವನ ವಿಷಯವೇ.

ಭಾನುವಾರ ದೇವನಹಳ್ಳೀಲಿ ಆದ ಫೈನಲ್ ಆಟದ ಸುದ್ದಿ ಬೈರೇಶ ನಿನಗೆ ಹೇಳಿರ್ತಾನೆ. ರೆಫರಿ ಮೋಸ ಮಾಡಿದ್ಲು, ಅದಕ್ಕೆ ನಮ್ಮ ಟೀಮು ಆಟ ಬಹಿಷ್ಕರಿಸಿ ಬಂತು ಅಂತ ತಾನೆ ಹೇಳಿದ್ದು? ಸುಳ್ಳು. ಹಗ್ಗದ ಪಕ್ಕ ಕುರ್ಚಿ ಹಾಕ್ಕೊಂಡು ಮೊದಲಿಂದ ಕೊನೇವರೆಗೂ ನೋಡಿದವಳು ನಾನು. ಹೆತ್ತ ಮಗನ ಮುಖ ನೋಡೋದೇ ಬೇಡ ಅನ್ಸೋ ಕಾಲ ಬರತ್ತೆ ಅಂತ ನಾನು ಯಾವತ್ತೂ ಅಂದ್ಕೊಂಡಿರಲಿಲ್ಲ ಕಣಮ್ಮ.

ನೀನು ಮಸ್ಕತ್ತಿಗೆ ಹೋದಾಗ ನಿನ್ನ ಮಗಳು ಸಿಂಚನ ಇನ್ನೂ ಕಬಡ್ಡಿ ಆಡ್ತಿದ್ಲು. ಹೊಸಕೋಟೆ ಕಾಲೇಜು ಸೇರಿದ ಮೇಲೆ ಈ ಅಮೆರಿಕನ್ ಫುಟ್‌ಬಾಲು. ಹೆಸರಿಗೆ ಫುಟ್‌ಬಾಲು ಅಷ್ಟೇ, ಯಾರೂ ಕಾಲಲ್ಲಿ ಒದ್ದಿದ್ದನ್ನ ನಾನಂತೂ ನೋಡಲಿಲ್ಲ. ಚೆಂಡು ಪಪ್ಪಾಯಿ ಹಣ್ಣಿನ ಹಾಗೆ ಎರಡೂ ತುದೀಲಿ ಚೂಪು. ಅದನ್ನ ಕೈಲಿ ಎಸೀತಾರೆ, ಹಿಡೀತಾರೆ, ಕಂಕುಳಲ್ಲಿ ಅವಚಿಕೊಂಡು ಆಚೆ ಗೆರೆ ದಾಟೋಕೆ ಓಡ್ತಾರೆ. ಟೀವೀಲಿ ಹೆಲ್ಮೆಟ್ ಹಾಕ್ಕೊಂಡು ಡಿಕ್ಕಿ ಹೊಡೀತಾರಲ್ಲ, ನಮ್ಮ ಹುಡುಗೀರು ಆಡೋದು ಹಾಗಲ್ಲ. ಸೊಂಟದಲ್ಲಿ ಎರಡು ಪಟ್ಟಿ ನೇತಾಡ್ತಿರತ್ತೆ, ಚೆಂಡು ಹಿಡ್ಕೊಂಡು ಓಡ್ತಿರೋಳ ಪಟ್ಟಿಯನ್ನ ಎದುರಿನವರು ಕಿತ್ತರೆ ಅವಳ ಓಟ ಅಲ್ಲಿಗೆ ಮುಗೀತು. ಒಂದೊಂದು ಕಡೆಗೆ ಐದು ಜನ. ಅಲ್ಲಿಯ ನಿಯಮದ ಪ್ರಕಾರ ನಾಲ್ಕು ಜನ ಇದ್ರೂ ಆಡಬಹುದು, ಮೂರಾದ್ರೆ ಆಟ ನಿಲ್ಲಿಸ್ತಾರೆ. ಇದಿಷ್ಟನ್ನ ನನಗೆ ಕೊಟ್ಟಿಗೇಲಿ ಕೂತು ಹೇಳಿಕೊಟ್ಟಿದ್ದು ಸಿಂಚನಾನೇ. ನಾನು ಕಲಿತ ಮೇಲೆ ಅವಳಿಗೇನೋ ಖುಷಿ.

ಟೀಮು ಕಟ್ಟಿದವನು ಹರಿಪ್ರಸಾದ. ಅದೇ, ಸೈಟು ಮಾಡಿ ಮಾರ್ತಾನಲ್ಲ, ಈ ಸಲ ತಾಲ್ಲೂಕು ಪಂಚಾಯ್ತಿಗೆ ನಿಲ್ತೀನಿ ಅಂತ ಎಲ್ಲರ ಮನೆ ಶುಭಕಾರ್ಯಕ್ಕೂ ಕರೀದೆ ಬರ್ತಾನಲ್ಲ, ಅವನು. ಬೈರೇಶ ಈಗ ಅವನ ಬಾಲ. ಹುಡುಗೀರ ಜರ್ಸಿ ಬೆನ್ನ ಮೇಲೆ ಅವರವರ ಹೆಸರಿಲ್ಲ, ಎಲ್ಲರ ಬೆನ್ನ ಮೇಲೂ ಹರಿಪ್ರಸಾದ ಅಂತಲೇ ಇದೆ. ಕಪ್ ನಮ್ಮದೇ ಅಂತ ಮೊದಲೇ ಗೊತ್ತಿದ್ದವರ ಹಾಗೆ ಹಾರ, ಪಟಾಕಿ, ಮಟನ್ ಬಿರಿಯಾನಿ ಡಬ್ಬಗಳನ್ನ ಟೆಂಪೋ ಟ್ರಾವೆಲರಿಗೆ ತುಂಬಿಸ್ಕೊಂಡು ಬಂದಿದ್ರು.

ಎದುರಿಗೆ ನೆಲಮಂಗಲದ ಟೀಮು. ಅವರ ಕ್ಯಾಪ್ಟನ್ ಮಮತ ಅಂತ, ಕಪ್ಪಗೆ, ಸಣ್ಣಗೆ, ಓಡಿದ್ರೆ ಕಾಲು ನೆಲ ಮುಟ್ಟಿದ್ದೇ ಕಾಣಲ್ಲ. ಅವರು ನಿಜವಾಗ್ಲೂ ನಮಗಿಂತ ಚೆನ್ನಾಗಿ ಆಡಿದ್ರು. ಮೊದಲ ಅರ್ಧ ಮುಗಿಯೋ ಹೊತ್ತಿಗೆ ಅವರದು ಇಪ್ಪತ್ತಾರು, ನಮ್ಮದು ಸೊನ್ನೆ. ರೆಫರಿ ಹುಡುಗಿ ಎರಡು ಸಲ ಅವರ ತಪ್ಪು ಹಿಡಿದು ಅವರನ್ನೇ ಹಿಂದಕ್ಕೆ ಕಳಿಸಿದ್ದನ್ನ ನಾನು ಕಣ್ಣಾರೆ ನೋಡಿದೆ. ಮೋಸ ಅಲ್ಲೆಲ್ಲೂ ಇರಲಿಲ್ಲ. ಹಗ್ಗದ ಈಚೆ ಇತ್ತು. ನಮ್ಮೂರ ಗಂಡಸರು ನೆಲಮಂಗಲದ ಹುಡುಗೀರ ಬಣ್ಣದ ಬಗ್ಗೆ, ಚಡ್ಡಿ ಬಗ್ಗೆ ಏನೇನೋ ಮಾತಾಡ್ಕೊಂಡು ನಗ್ತಿದ್ರು. ಅವರ ಮಧ್ಯೆ ನಿಂತು ನಿನ್ನ ಗಂಡನೂ ಹಲ್ಲು ಬಿಡ್ತಿದ್ದ. ಅವನ ಮಗಳೂ ಅಂಥದ್ದೇ ಚಡ್ಡಿ ಹಾಕ್ಕೊಂಡು ಅಲ್ಲೇ ಓಡ್ತಿದ್ಲು.

ಎರಡನೇ ಅರ್ಧ ಶುರುವಾಗಿ ಅವರು ಇನ್ನೊಂದು ಸಲ ಗೆರೆ ದಾಟಿದ್ರು. ಆಗ ಹರಿಪ್ರಸಾದ ನಮ್ಮ ಕೋಚ್ ಹತ್ರ ಬಂದು, ನನ್ನ ಕಿವಿಗೂ ಬೀಳೋ ಹಾಗೆ, “ಹುಡುಗೀರನ್ನ ಆಚೆ ಕರಿ ಗುರು. ನನ್ನ ಹೆಸರು ಬೆನ್ನ ಮೇಲೆ ಹಾಕ್ಕೊಂಡು ಇಷ್ಟು ಸೋಲೋದು ಬೇಡ. ರೆಫರಿ ಸರಿಯಿಲ್ಲ ಅಂತ ಹೇಳಿ ಹೊರಟುಬಿಡೋಣ” ಅಂದ. ಕೋಚು ಕೈ ಬೀಸಿ ಕರೆದ. ಹುಡುಗೀರು ಒಬ್ಬೊಬ್ಬರಾಗಿ ತಲೆ ತಗ್ಗಿಸ್ಕೊಂಡು ಬಂದ್ರು. ಸಿಂಚನ ಬರಲಿಲ್ಲ. “ಕೊನೇ ಸೀಟಿ ಊದಿಲ್ಲ ಸರ್, ಆಟ ಇನ್ನೂ ಇದೆ” ಅಂದ್ಲು, ಅಷ್ಟೇ. ಅದನ್ನ ಕೇಳಿ ಇನ್ನಿಬ್ಬರು ತಿರುಗಿ ಅವಳ ಹತ್ರ ಹೋಗಿ ನಿಂತ್ರು.

ಬೈರೇಶ ಹಗ್ಗ ದಾಟಿ ಮೈದಾನದೊಳಗೇ ಹೋದ. ಅವಳ ರಟ್ಟೆ ಹಿಡಿದು, “ನಡಿಯೇ, ಅಣ್ಣನ ಮುಂದೆ ನನ್ನ ಮಾನ ಕಳೀಬೇಡ” ಅಂತ ಎಳೆದ. ಅಣ್ಣ ಅಂದ್ರೆ ಆ ಹರಿಪ್ರಸಾದ. ಸಿಂಚನ ಅಳಲಿಲ್ಲ. “ಕೈ ಬಿಡಪ್ಪ. ಆಟ ನಡೀವಾಗ ನೀನು ಗೆರೆಯೊಳಗೆ ಬರೋ ಹಂಗಿಲ್ಲ” ಅಂದ್ಲು. ರೆಫರಿ ಹುಡುಗಿ ಬಂದು, ದಯವಿಟ್ಟು ಆಚೆ ಹೋಗಿ ಅಂತ ಕೈ ಮುಗಿದು ಕೇಳಿದ್ಲು. ಅವಳಿಗೆ ಅವನು ಅಂದ ಮಾತನ್ನ ನಾನು ಈ ಹಾಳೆ ಮೇಲೆ ಬರೆಯಲ್ಲ. ನಾನು ತುತ್ತಿಟ್ಟ ಬಾಯಿಂದ ಅದು ಬಂತು ಅನ್ನೋದೇ ಸಾಕು.

ಮೂರೇ ಜನ ಉಳಿದ್ರೆ ಆಟ ಮುಗೀತು ಅಂತ ನನಗೆ ಗೊತ್ತಿತ್ತು. ಗಾಡಿ ಸ್ಟಾರ್ಟ್ ಆಯ್ತು. ಬೈರೇಶ ನನ್ನನ್ನೂ ಕರೆದ. ಬರಲ್ಲ ಅಂದೆ. “ಹಂಗಾದ್ರೆ ಮೊಮ್ಮಗಳ ಜತೆ ನಡ್ಕೊಂಡು ಬಾ” ಅಂದ. ಗಾಡಿ ಹೊರಡೋ ಹೊತ್ತಿಗೆ ಬಾಗಿಲು ತೆಗೆದು ಒಬ್ಬ ಹುಡುಗಿ ಇಳಿದ್ಲು. ಅರ್ಪಿತ ಅಂತ, ಟೀಮಲ್ಲಿ ಎಲ್ಲರಿಗಿಂತ ಅಂಜುಬುರುಕಿ, ನಮ್ಮನೇಗೆ ಬಂದ್ರೆ ನೀರು ಕೇಳೋಕೂ ನಾಚ್ಕೋತಾಳೆ. ಶೂ ಆಗಲೇ ಬಿಚ್ಚಿಟ್ಟಿದ್ಲು ಅನ್ಸತ್ತೆ, ಬರಿಗಾಲಲ್ಲಿ ಓಡಿಬಂದ್ಲು. ಗಾಡಿ ಅವಳಿಗೋಸ್ಕರ ನಿಲ್ಲಲಿಲ್ಲ. ಹುಡುಗೀರ ಬ್ಯಾಗು, ಫೋನು, ಬಟ್ಟೆ ಎಲ್ಲ ಅದರೊಳಗೇ ಹೋಯ್ತು. ಯೋಚನೆ ಮಾಡು ಪ್ರಮೋದಾ. ಹತ್ತೊಂಬತ್ತು ವರ್ಷದ ಮಗಳನ್ನ ಬೇರೆ ಊರಿನ ಬಯಲಲ್ಲಿ ಬಿಟ್ಟು, ಅವಳ ಚಪ್ಪಲಿಯನ್ನೂ ತಗೊಂಡು ಹೋದ ಅಪ್ಪ.

ಅರ್ಪಿತಾಗೆ ಕಾಲಿಗೆ ಸರಿಹೋಗೋ ಶೂ ಕೊಟ್ಟಿದ್ದು ನೆಲಮಂಗಲದ ಒಬ್ಬ ಹುಡುಗಿ. ಆಮೇಲೆ ಮಮತ ಬಂದು, “ನಾವೂ ಒಬ್ಬರನ್ನ ಆಚೆ ಕೂರಿಸ್ತೀವಿ, ನಾಲ್ಕು ನಾಲ್ಕು ಆಡೋಣ” ಅಂದ್ಲು. ಸಿಂಚನ ಬೇಡ ಅಂದ್ಲು. “ನೀವು ಐದೇ ಜನ ಆಡಿ ಅಕ್ಕ. ಪಾಪ ಅಂತ ನಿಧಾನ ಮಾತ್ರ ಮಾಡಬೇಡಿ.” ಮಮತ ಆಯ್ತು ಅಂತ ತಲೆಯಾಡಿಸಿದ್ಲು. ಆಮೇಲೆ ಅವರು ನಿಧಾನ ಮಾಡಲಿಲ್ಲ ಕಣಮ್ಮ. ಮೊದಲಿನ ಹಾಗೇ ಆಡಿದ್ರು. ಇನ್ನೆರಡು ಸಲ ಗೆರೆ ದಾಟಿದ್ರು. ಮೊದಲು ನನಗೆ ಅವರ ಮೇಲೂ ಸಿಟ್ಟು ಬಂತು, ಸೋತು ನಿಂತಿರೋ ಮಕ್ಕಳನ್ನ ಇನ್ನೂ ಯಾಕೆ ಬಡೀತಾರೆ ಅಂತ. ಆದರೆ ನಮ್ಮ ನಾಲ್ವರ ಮುಖ ನೋಡಿದೆ. ಅಷ್ಟು ಹೊತ್ತೂ ಅವರ ಮುಖದ ಮೇಲಿದ್ದ ಅವಮಾನ ಹೋಗಿತ್ತು. ಬೆವರು, ಧೂಳು ಅಷ್ಟೇ ಇತ್ತು. ತಲೆ ಮೇಲೆ ವಿಮಾನ ಇಳೀತಿದ್ರೂ ಒಬ್ಬರೂ ಕತ್ತೆತ್ತಲಿಲ್ಲ. ಕೊನೇಲಿ ಮಮತ ಚೆಂಡು ಹಿಡ್ಕೊಂಡು ಗೆರೆ ಹತ್ರ ಬಂದಿದ್ಲು, ಸಿಂಚನ ಹಿಂದಿನಿಂದ ಓಡಿಬಂದು, ಉದ್ದಕ್ಕೆ ಬಿದ್ದು, ಅವಳ ಪಟ್ಟಿ ಕಿತ್ತುಬಿಟ್ಲು. ಆಗ ಸೀಟಿ ಊದಿದ್ರು. ನಮ್ಮದು ಸೊನ್ನೇನೇ. ಮಮತ ಕೈ ಕೊಟ್ಟು ಅವಳನ್ನ ಎಬ್ಬಿಸಿದ್ಲು. ಮೊಣಕೈ ತರಚಿ ರಕ್ತ ಬರ್ತಿತ್ತು, ಇವಳು ನಗ್ತಿದ್ಲು. ನೀನು ನೋಡಬೇಕಿತ್ತು.

ಬಸ್ಸಲ್ಲಿ ಬಂದ್ವಿ. ಹೆಂಗಸರಿಗೆ ಫ್ರೀ, ಆದರೆ ಆಧಾರ್ ತೋರಿಸಬೇಕಲ್ಲ, ಹುಡುಗೀರದ್ದೆಲ್ಲ ಬ್ಯಾಗಲ್ಲಿ ಹೋಗಿತ್ತು. ಕಂಡಕ್ಟರ್ ಅವರ ಜರ್ಸಿ ನೋಡಿ, ಗೆದ್ರಾ ಅಂತ ಕೇಳಿದ. ಅರ್ಪಿತ, “ಇಲ್ಲ ಅಣ್ಣ, ಪೂರ್ತಿ ಆಡಿದ್ವಿ” ಅಂದ್ಲು. ಅವನು ಆಧಾರ್ ಕೇಳದೆ ಫ್ರೀ ಟಿಕೆಟ್ ಹರಿದುಕೊಟ್ಟ.

ಮನೇಗೆ ಬಂದ್ರೆ ಬಾಗಿಲಲ್ಲೇ ಬಿರಿಯಾನಿ ವಾಸನೆ. ದಾರೀಲಿ ಗಾಡಿ ನಿಲ್ಲಿಸಿ ಎಲ್ಲರೂ ಹೊಟ್ಟೆ ತುಂಬ ತಿಂದಿದ್ದಾರೆ, ಉಳಿದಿದ್ದನ್ನ ಬೈರೇಶ ನಮಗೆ ಅಂತ ತಂದಿದ್ದಾನೆ. ಸೋಫಾ ಮೇಲೆ ಕೂತು ಹಲ್ಲು ಸಂದಿ ಕೆದಕ್ತಾ, “ತಿನ್ನಮ್ಮ, ಬಿಸಿ ಇದೆ” ಅಂದ. ಮಗಳ ಮೊಣಕೈಗೆ ಏನಾಯ್ತು ಅಂತಾನೂ ಕೇಳಲಿಲ್ಲ. ನನಗೆ ಆ ಡಬ್ಬ ಮುಟ್ಟೋಕಾಗಲಿಲ್ಲ. ತಗೊಂಡು ಹೋಗಿ ಬೀದಿ ನಾಯಿಗೆ ಸುರಿದೆ.

ಇಷ್ಟಕ್ಕೇ ಮುಗಿದಿದ್ರೆ ನಾನು ಬರೀತಿರಲಿಲ್ಲವೇನೋ. ನಿನ್ನೆ ಬೆಳಗ್ಗೆ ಡೇರಿ ಎದುರು ಫ್ಲೆಕ್ಸ್ ಕಟ್ಟಿದ್ದಾರೆ. “ಮೋಸಕ್ಕೆ ತಲೆಬಾಗದ ನೈತಿಕ ವಿಜೇತರು” ಅಂತೆ. ಮಧ್ಯದಲ್ಲಿ ಹರಿಪ್ರಸಾದನ ತಲೆ ಕುಂಬಳಕಾಯಿ ಹಾಗೆ, ಕೆಳಗೆ ಹುಡುಗೀರ ಸಾಲು, ಅದರಲ್ಲಿ ನಮ್ಮ ಸಿಂಚನ. ಓಡಿಹೋದವರ ಜತೆ, ಓಡಿಹೋಗದ ಅವಳ ಮುಖ. ಸಿಂಚನ ನೋಡಿ ಅಲ್ಲೇ ಪಕ್ಕಕ್ಕೆ ಹೋಗಿ ವಾಂತಿ ಮಾಡಿದ್ಲು. ನಾನು ಮನೇಗೆ ಬಂದು ಹುಲ್ಲು ಕೊಯ್ಯೋ ಕುಡುಗೋಲು ತಗೊಂಡು ವಾಪಸ್ ಹೋದೆ. ಹಾಲು ಹಾಕೋಕೆ ನಿಂತಿದ್ದವರೆಲ್ಲ ನೋಡ್ತಿದ್ದಂಗೇ ನನ್ನ ಮೊಮ್ಮಗಳ ಮುಖದ ಸುತ್ತ ಕೊಯ್ದು ತೆಗೆದೆ. ಬೈರೇಶ ನಿನ್ನೆಯಿಂದ ನನ್ನ ಹತ್ರ ಮಾತು ಬಿಟ್ಟಿದ್ದಾನೆ. ಬಿಡಲಿ. ಅವನು ಮಾತಾಡಿದ್ರೂ ನನಗೆ ಕೇಳೋ ಮನಸ್ಸಿಲ್ಲ.

ನಿನ್ನ ಗಂಡನ ಮೇಲೆ ಚಾಡಿ ಹೇಳ್ತಿದ್ದೀನಿ ಅಂದ್ಕೊಬೇಡ. ಅವನು ನಿನ್ನ ಗಂಡ ಆಗೋಕೆ ಮೊದಲೇ ನನ್ನ ಮಗ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮೊಸರನ್ನ ಬಿಡಬೇಡ. ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ, ನರಳೋರಿಗೆ ನಿನ್ನ ಕೈಯಿಂದ ಬೇಗ ಗುಣವಾಗಲಿ.

ನಿನ್ನ ಅತ್ತೆ,
ಮುನಿಲಕ್ಷ್ಮಮ್ಮ

ಮರೆತೆ. ಆದಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಅವಸರ ಮಾಡ್ತಿದ್ದಾಳೆ, ಬೇಗ ಬರೀತೀನಿ. ಸಿಂಚನ ಫೋನ್ ಮುಂದೆ ನಿಂತು, ರೆಫರಿ ಮೋಸ ಮಾಡಿದ್ದು ನಿಜ, ನಾನು ಗೊತ್ತಾಗದೆ ಮೈದಾನದಲ್ಲಿ ಉಳ್ಕೊಂಡೆ, ತಪ್ಪಾಯ್ತು ಅಂತ ಹೇಳಬೇಕಂತೆ, ಹರಿಪ್ರಸಾದ ಅದನ್ನ ವಿಡಿಯೋ ಮಾಡಿ ಊರಿಗೆಲ್ಲ ಕಳಿಸ್ತಾನಂತೆ. ಇಲ್ಲಾಂದ್ರೆ ಟೀಮಿಂದ ಆಚೆ. ಇವಳು ಅಪ್ಪನ ಮಾತಿಗೂ ಬಗ್ಗಿಲ್ಲ, ಏಟಿಗೂ ಬಗ್ಗಿಲ್ಲ. ಅದಕ್ಕೆ ಶುಕ್ರವಾರ ನಿನಗೆ ರಜೆ ಇರೋ ಹೊತ್ತು ನೋಡ್ಕೊಂಡು ಬೈರೇಶ ಫೋನ್ ಮಾಡಿ, ಹೇಳಿಬಿಡು ಕಂದ ಅಂತ ನಿನ್ನ ಬಾಯಿಂದ ಅವಳಿಗೆ ಹೇಳಿಸ್ತಾನೆ. “ಅಮ್ಮ ಹೇಳಿದ್ರೆ ಮಾತ್ರ ನನ್ನ ಕೈಲಿ ಇಲ್ಲ ಅನ್ನೋಕಾಗಲ್ಲ ಅಜ್ಜಿ” ಅಂತ ಇವತ್ತು ಹಾಲು ಕರೀವಾಗ ಅಂದ್ಲು. ನೀನು ಹೇಳಬೇಡ ಪ್ರಮೋದಾ.